ಅವ್ವನ ಸೀರೆಯಲ್ಲಿ ಬಟ್ಟೆ ಗೊಂಬೆ, ಆರತಿ ತಟ್ಟೆಯಲ್ಲಿ ಸಕ್ಕರೆ ಗೊಂಬೆ

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು, ಈಗ ಬೆಂಗಳೂರಿನಲ್ಲಿದ್ದೇವೆ. ಗೌರಿ ಹುಣ್ಣಿಮೆ ಹೊತ್ತಿಗೆ ಮಗಳಿಗೆ ಮೂರು ವರ್ಷ ತುಂಬುತ್ತದೆ. ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಅವ್ವನ ಒಂದು ಇಳಕಲ್ ಸೀರೆ ನನ್ನ ಹತ್ತಿರ ಇದೆ. ಅದರಲ್ಲಿ ಮಗಳಿಗೆ ಕೌದಿ, ಕುಂಚಿಗೆ ಹೊಲಿಯುವ ಆಸೆ. ಆದರೆ ಕತ್ತರಿ ಹಾಕಲು ಕೈ ಬರುತ್ತಿಲ್ಲ. ಮಷಿನ್ ಇಲ್ಲ, ಶಾಲೆಯಲ್ಲಿ ಕಲಿತ ಕೈಹೊಲಿಗೆ ಮಾತ್ರ ಗೊತ್ತು. ಒಂದು ತಿಂಗಳು ಸಮಯ ಇದೆ. ಸಿಹಿಯನ್ನೂ ಮನೆಯಲ್ಲೇ ಮಾಡಬೇಕು ಅಂತಿದ್ದೇನೆ. ಅಂಟಿನ ಉಂಡಿ, ಸಕ್ಕರೆ ಗೊಂಬೆ ಮನಸ್ಸಿನಲ್ಲಿವೆ. ಬೆಲ್ಲದ್ದಾದರೆ ಎಷ್ಟು ಕೊಟ್ಟರೂ ನಡೆಯುತ್ತದೆ ಅಲ್ವಾ?

ಉತ್ತರ: ಮೊದಲು ಕತ್ತರಿ ವಿಷಯ. ಇಡೀ ಸೀರೆ ಕತ್ತರಿಸುವ ಅಗತ್ಯವೇ ನಿಮಗಿಲ್ಲ. ಒಂದು ಮೊಳ ಸಾಕು. ಅದೂ ಸೆರಗಿನ ಕಡೆಯಿಂದಲ್ಲ, ಸೊಂಟಕ್ಕೆ ಸಿಗಿಸಿಕೊಳ್ಳುವ ಒಳತುದಿಯಿಂದ. ಸೀರೆ ಎಂಟೋ ಒಂಬತ್ತೋ ಗಜ ಇದ್ದರೆ, ಒಂದು ಮೊಳ ಹೋಗಿದ್ದು ಮಡಚಿಟ್ಟಾಗ ಯಾರಿಗೂ ಗೊತ್ತಾಗಲ್ಲ.

ಕೌದಿ ಈ ತಿಂಗಳು ಬೇಡ ಅನ್ನೋದು ನನ್ನ ಮಾತು. ಬೇಜಾರಾಗಬೇಡಿ, ಲೆಕ್ಕ ಹಾಕಿ ನೋಡಿ. ಮೂರು ವರ್ಷದ ಮಗುವಿಗೆ 3 ಅಡಿ ಅಗಲ, 4 ಅಡಿ ಉದ್ದದ ಕೌದಿ ಬೇಕು. ಅರ್ಧ ಇಂಚಿಗೊಂದು ಸಾಲು ಅಂದರೂ 70ಕ್ಕೂ ಹೆಚ್ಚು ಸಾಲು. ಮೂರು ಪದರದ ಬಟ್ಟೆಯಲ್ಲಿ 4 ಅಡಿಯ ಒಂದು ಸಾಲು ಎಳೆಯಲು ಕೈ ಪಳಗಿದವರಿಗೇ 20 ನಿಮಿಷ ಹಿಡಿಯುತ್ತದೆ. ಒಟ್ಟು 24 ಗಂಟೆ. ತುಂಡು ಜೋಡಿಸುವುದು, ಅಂಚು ಮಡಚುವುದು ಬೇರೆ. ಮನೆಗೆಲಸ, ಮಗು, ಬೆಂಗಳೂರಿನ ಟ್ರಾಫಿಕ್ಕು ಎಲ್ಲ ಮುಗಿಸಿ ದಿನಾ ಒಂದು ಗಂಟೆ ಕೂತರೂ ತಿಂಗಳು ಬರೀ ಸಾಲಿಗೇ ಹೋಯಿತು. ಹುಟ್ಟುಹಬ್ಬದ ಹಿಂದಿನ ರಾತ್ರಿ ಎರಡು ಗಂಟೆಗೆ ಕೂತು ಅಳುತ್ತಾ ಹೊಲಿದವರನ್ನು ನಾನು ನೋಡಿದ್ದೇನೆ. ನಾನೇ ಒಮ್ಮೆ ಹಾಗೆ ಕೂತಿದ್ದೆ.

ಕುಂಚಿಗೆಯೂ ಅಷ್ಟೇ, ಬೇರೆ ಕಾರಣಕ್ಕೆ. ಅದು ಕೈಗೂಸಿನ ಉಡುಪು. ಎಣ್ಣೆ ಹಚ್ಚಿ ಎರೆದ ಮೇಲೆ ಕಿವಿಗೆ ಗಾಳಿ ಹೋಗದ ಹಾಗೆ ತಲೆಗೆ ಹಾಕಿ ಬೆನ್ನ ಮೇಲೆ ಇಳಿಬಿಡುವುದು. ಮೂರು ವರ್ಷದ ಹುಡುಗಿ ಅದನ್ನು ಐದು ನಿಮಿಷಕ್ಕೆ ಕಿತ್ತು ಎಸೆಯುತ್ತಾಳೆ. ಎಸೆಯದಿದ್ದರೆ ಇನ್ನೂ ತೊಂದರೆ. ಕುತ್ತಿಗೆ ಹತ್ತಿರ ಲಾಡಿ ಕಟ್ಟಿಕೊಂಡು ಓಡುವ ಮಗುವಿನ ಲಾಡಿ ಜಾರುಬಂಡೆಗೋ ಬಾಗಿಲ ಚಿಲಕಕ್ಕೋ ಸಿಕ್ಕಿಕೊಂಡರೆ ಕಷ್ಟ.

ಹಾಗಾದರೆ ಏನು ಮಾಡುವುದು? ಒಂದು ಬಟ್ಟೆ ಗೊಂಬೆ ಮಾಡಿ. ಆ ಗೊಂಬೆಗೆ ಅವ್ವನ ಸೀರೆಯ ಪರಕಾರ (ಲಂಗ), ಖಣದ (ಕುಪ್ಪಸದ ಬಟ್ಟೆಯ) ಕುಂಚಿಗೆ, ಒಂದು ಪುಟ್ಟ ಕೌದಿ. ನಿಮ್ಮ ಆಸೆಯೆಲ್ಲ ಅದರಲ್ಲಿ ಬಂತು, ಅಳತೆ ಮಾತ್ರ ಚಿಕ್ಕದು. ಮೂರು ವರ್ಷದ ಮಗುವಿಗೆ ತಾನು ಹೊದೆಯುವುದಕ್ಕಿಂತ ಗೊಂಬೆಗೆ ಹೊದಿಸುವುದು ಜಾಸ್ತಿ ಇಷ್ಟ.

ಈಗ ಸೀರೆ ನೋಡೋಣ. ಹಳೆ ಇಳಕಲ್ ಸೀರೆಯ ಮೈ ಸಾಮಾನ್ಯವಾಗಿ ಹತ್ತಿ, ಸೆರಗು ರೇಷ್ಮೆ. ಎರಡನ್ನೂ ಬೇರೆ ಬೇರೆ ಹಾಸು (ಉದ್ದದ ಎಳೆ) ಹಾಕಿ, ಎಳೆಗೆ ಎಳೆ ಕುಣಿಕೆ ಮಾಡಿ ಮಗ್ಗದಲ್ಲೇ ಜೋಡಿಸುತ್ತಾರೆ. ಅದಕ್ಕೇ ತೋಪು ತೆನಿ ಸೆರಗು ಅನ್ನುವುದು. ಹತ್ತಿ ಮತ್ತು ರೇಷ್ಮೆ ಒಂದೇ ರೀತಿ ಮುದುಡುವುದಿಲ್ಲ, ಒಂದೇ ರೀತಿ ಸವೆಯುವುದೂ ಇಲ್ಲ. ಹಾಗಾಗಿ ಆ ಜೋಡಣೆಯ ಸಾಲನ್ನು ಮುಟ್ಟಲೇಬೇಡಿ. ಸೆರಗು ಹಾಗೇ ಇರಲಿ.

ಮೈ ಭಾಗವನ್ನು ಕಿಟಕಿಗೆ ಅಡ್ಡ ಹಿಡಿಯಿರಿ. ಬೆಳಕು ಚುಕ್ಕಿ ಚುಕ್ಕಿಯಾಗಿ ಜಾಸ್ತಿ ಕಾಣುವ ಕಡೆ ಬಟ್ಟೆ ಸವೆದಿದೆ. ನೆರಿಗೆ ಕೂರುತ್ತಿದ್ದ ಜಾಗ ಮತ್ತು ಹಿಮ್ಮಡಿಗೆ ತಾಗುವ ಅಂಚು ಮೊದಲು ಹೋಗಿರುತ್ತವೆ. ಎರಡು ಹೆಬ್ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಚರ್ ಅಂದರೆ ಅದು ಮೇಲ್ಬಟ್ಟೆಗೆ ಬೇಡ, ಕೌದಿಯ ಒಳಪದರಕ್ಕೆ ಇಟ್ಟುಕೊಳ್ಳಿ. ಕೌದಿಯಲ್ಲಿ ಯಾವ ತುಂಡೂ ದಂಡವಲ್ಲ.

ಬಣ್ಣದ ಪರೀಕ್ಷೆಯನ್ನು ಮರೆಯಬೇಡಿ. ಬಿಳಿ ಬಟ್ಟೆ ಒದ್ದೆ ಮಾಡಿ, ಒಳತುದಿಯ ಮೇಲೆ ಇಪ್ಪತ್ತು ಸಲ ಉಜ್ಜಿ. ಬಣ್ಣ ಅಂಟಿದರೆ ಬಟ್ಟೆಯನ್ನು ಮೂರು ನಾಲ್ಕು ಸಲ ತಣ್ಣೀರಲ್ಲಿ ಜಾಲಿಸಿ, ಮತ್ತೆ ನೋಡಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಕೈಯಲ್ಲಂತೂ ಅದು ಯಾವತ್ತೂ ನಿಂತಿಲ್ಲ. ನಾನು ಮೊದಲು ಮಾಡಿದ ಗೊಂಬೆಗೆ ಕೆಂಪು ಖಣದ ಕುಪ್ಪಸ ತೊಡಿಸಿದ್ದೆ, ಬಟ್ಟೆ ಒಗೆಯದೆ. ತಂಗಿಯ ಮಗ ಅದನ್ನು ಮೂರು ದಿನ ಚೀಪಿ, ಗೊಂಬೆಯ ಕುತ್ತಿಗೆ, ಅವನ ಗಲ್ಲ ಎರಡೂ ಕೆಂಪಾದವು. ಅವತ್ತಿನಿಂದ ಹೊಸ ಬಟ್ಟೆಯನ್ನೂ ಮೊದಲು ಒಗೆದು, ಒಣಗಿಸಿ, ಆಮೇಲೇ ಕತ್ತರಿ.

ಗೊಂಬೆಯ ಮೈಗೆ ಹಳೆ ಪಂಚೆ ಚೆನ್ನ. ಮೆತ್ತಗಿರುತ್ತದೆ, ನೇಯ್ಗೆ ಒತ್ತಾಗಿರುತ್ತದೆ. ತೀರಾ ಬೆಳ್ಳಗೆ ಬೇಡ ಅನಿಸಿದರೆ ಚಹಾ ಡಿಕಾಕ್ಷನ್‌ನಲ್ಲಿ ಅರ್ಧ ಗಂಟೆ ಅದ್ದಿ ತೆಗೆಯಿರಿ, ನಮ್ಮ ಮಕ್ಕಳ ಮೈಬಣ್ಣವೇ ಬರುತ್ತದೆ. ಒಟ್ಟು 13 ಇಂಚಿನ ಗೊಂಬೆ ಸಾಕು. ತಲೆ ಮತ್ತು ಹೊಟ್ಟೆ ಒಂದೇ ತುಂಡಾಗಿ ಬರಲಿ: ತಲೆ 4 ಇಂಚು ಅಗಲ, ಕುತ್ತಿಗೆ 2 ಇಂಚು, ಹೊಟ್ಟೆ ನಾಲ್ಕೂವರೆ ಇಂಚು, ಉದ್ದ 8 ಇಂಚು. ಕುತ್ತಿಗೆಯನ್ನು ಚಂದ ಕಾಣಲಿ ಅಂತ ಸಣ್ಣ ಮಾಡಬೇಡಿ, ವಾರದಲ್ಲಿ ತಲೆ ವಾಲುತ್ತದೆ. ಕೈಕಾಲಿಗೆ ಒಂದೂವರೆ ಇಂಚು ಅಗಲದ ನಾಲ್ಕು ಕೊಳವೆ, ಕೈ 4 ಇಂಚು, ಕಾಲು 5 ಇಂಚು. ಹೊಲಿಗೆಗೆ ಸುತ್ತ ಕಾಲು ಇಂಚು ಬಟ್ಟೆ ಹೆಚ್ಚು ಬಿಡಿ.

ಇಲ್ಲಿ ಸಾದಾ ಹೊಲಿಗೆ ನಡೆಯಲ್ಲ. ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹೆಜ್ಜೆ ಹಿಂದೆ ಬರುವ ಬ್ಯಾಕ್ ಸ್ಟಿಚ್ ಹಾಕಿ, ಒತ್ತಾಗಿ. ಕುತ್ತಿಗೆ, ಕಂಕುಳಲ್ಲಿ ಎರಡು ಸುತ್ತು. ಬಟ್ಟೆ ತಿರುಗಿಸುವ ಮುಂಚೆ ತಿರುವಿರುವ ಕಡೆ ಹೊಲಿಗೆಯವರೆಗೆ ಸಣ್ಣ ಸಣ್ಣ ಕಚ್ಚು ಕೊಡಿ, ಇಲ್ಲದಿದ್ದರೆ ತಲೆ ಗುಂಡಗೆ ಬರದೆ ಆಲೂಗಡ್ಡೆ ಥರ ಕಾಣುತ್ತದೆ. ತುಂಬಲು ಹಳೆ ದಿಂಬಿನ ಹತ್ತಿ ಬೇಡ, ಒಂದು ಸಲ ಒಗೆದರೆ ಗಂಟುಗಂಟಾಗುತ್ತದೆ. ಬೂರುಗದ ಹತ್ತಿ ಹೊಲಿಗೆಯ ಸಂದಿಯಿಂದ ಹೊರಗೆ ಹಾರುತ್ತದೆ. ಸಾಸಿವೆ, ಅಕ್ಕಿ ಅಂತೂ ಬೇಡವೇ ಬೇಡ. ಹೊಲಿಗೆ ಬಿಚ್ಚಿದರೆ ನೇರ ಬಾಯಿಗೆ, ಮೂಗಿಗೆ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ಫೈಬರ್ ಕಾಲು ಕಿಲೊ ತಂದರೆ ಉಳಿಯುವಷ್ಟಿರುತ್ತದೆ. ಒಗೆದರೂ ಬೇಗ ಒಣಗುತ್ತದೆ. ಚಿಟಿಕೆ ಚಿಟಿಕೆ ತುಂಬಿ, ಪೆನ್ಸಿಲ್ ಹಿಂಬದಿಯಿಂದ ಒತ್ತಿ. ಕುತ್ತಿಗೆಯಲ್ಲಿ ಇನ್ನು ಹಿಡಿಯಲ್ಲ ಅನ್ನುವವರೆಗೆ.

ಕಣ್ಣಿಗೆ ಗುಂಡಿ ಹಾಕಬೇಡಿ. ಮಣಿ, ಗೆಜ್ಜೆ, ಕನ್ನಡಿ ಯಾವುದೂ ಬೇಡ. ಅಂಗಡಿಯ ಆಟಿಕೆಗೆ ನಮ್ಮಲ್ಲಿ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಲ್ಲಿ ಬಿಡಿ ಭಾಗ ಚಿಕ್ಕದಾ ಅಂತ ನೋಡಲು ಸುಮಾರು 32 ಮಿಲಿಮೀಟರ್ ಅಗಲದ ಒಂದು ಬಟ್ಟಲಿನ ಪರೀಕ್ಷೆ ಇದೆ. ಅದರೊಳಗೆ ಪೂರ್ತಿ ಇಳಿಯುವುದೆಲ್ಲ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಮನೆಯಲ್ಲಿ ಆ ಬಟ್ಟಲು ಇರಲ್ಲ. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್, ಅದಕ್ಕಿಂತ ಸ್ವಲ್ಪ ದೊಡ್ಡದು ಅಂತ ಅಂದಾಜಿಟ್ಟುಕೊಳ್ಳಿ. ನಿಮ್ಮ ಮಗಳಿಗೆ ಮೂರು ತುಂಬುತ್ತದೆ ನಿಜ, ಆದರೆ ಹುಟ್ಟುಹಬ್ಬಕ್ಕೆ ಬರುವ ಪುಟ್ಟ ಮಕ್ಕಳಿಗೆ ತುಂಬಿರುವುದಿಲ್ಲವಲ್ಲ. ಕಣ್ಣು, ಮೂಗು, ಬಾಯಿ ಎಲ್ಲ ದಾರದಲ್ಲೇ ಹೊಲಿಯಿರಿ. ಕೂದಲಿಗೆ ಉಲ್ಲನ್, ಎರಡು ಜಡೆ, ಪ್ರತಿ ಎಳೆಯೂ ತಲೆಗೆ ಹೊಲಿದಿರಲಿ. ಜಡೆ ಒಂದು ಗೇಣಿಗಿಂತ ಉದ್ದ ಬೇಡ, ಕುತ್ತಿಗೆಗೆ ಸುತ್ತಿಕೊಳ್ಳುವಷ್ಟಿರಬಾರದು.

ಪರಕಾರ ತುಂಬಾ ಸುಲಭ. ನೀವು ಕತ್ತರಿಸಿದ ಒಂದು ಮೊಳದಲ್ಲಿ ದಡಿ ಕೆಳಗೆ ಬರುವ ಹಾಗೆ 6 ಇಂಚು ಎತ್ತರದ ಪಟ್ಟಿ ತೆಗೆಯಿರಿ. ಚಿಕ್ಕಿ ದಡಿಯೋ ಗೋಮಿ ದಡಿಯೋ ಯಾವುದಿದ್ದರೂ ಗೊಂಬೆಗೆ ಅದು ದೊಡ್ಡ ದಡಿಯಾಗಿ ಚಂದ ಕಾಣುತ್ತದೆ. ಜರಿ ಚುಚ್ಚುವ ಹಾಗಿದ್ದರೆ ಮಾತ್ರ ಆ ಎಳೆ ತೆಗೆದುಬಿಡಿ. ಮೇಲೆ ನೆರಿಗೆ ಹಿಡಿದು ಸೊಂಟಕ್ಕೇ ಹೊಲಿದುಬಿಡಿ. ಸೀರೆಗೆ ಎರಡು ದಡಿ ಇರುತ್ತವೆ. ಇನ್ನೊಂದನ್ನು ಕೌದಿಯ ಅಂಚಿಗೆ ಇಟ್ಟುಕೊಳ್ಳಿ.

ಕುಂಚಿಗೆಗೆ ಗುಳೇದಗುಡ್ಡದ ಖಣ ಸಿಕ್ಕರೆ ಒಳ್ಳೆಯದು. ನಿಮ್ಮೂರ ಕಡೆಯದೇ ಅಲ್ವಾ, ಯಾರಾದರೂ ಬರುವವರಿದ್ದರೆ ಒಂದು ಕುಪ್ಪಸದ ತುಂಡು ತರಿಸಿ. 9 ಇಂಚಿನ ಚೌಕ ಕತ್ತರಿಸಿ ಅಂಚು ಮಡಚಿ ಹೊಲಿಯಿರಿ. ಎರಡಾಗಿ ಮಡಚಿ, ಮೇಲಿನ ಒಂದು ಅಂಚನ್ನು ಮಾತ್ರ ಸೇರಿಸಿ. ಅದು ತಲೆ. ಕೆಳಗಿನದು ಬೆನ್ನ ಮೇಲೆ ಇಳಿಯುತ್ತದೆ. ಕುತ್ತಿಗೆ ಹತ್ತಿರ ಹಿಂದೆ ನಾಲ್ಕು ನೆರಿಗೆ ಕೊಟ್ಟರೆ ಚೆನ್ನಾಗಿ ಕೂರುತ್ತದೆ. ಮುಂದೆ ಎರಡು ಗಿಡ್ಡ ಲಾಡಿ. ಕಸೂತಿ ಹಾಕೋಣ ಅಂತ ಮನಸ್ಸಾಗಬಹುದು. ಈಗ ಬೇಡ. ಗವಂತಿ, ಮುರ್ಗಿ, ನೇಗಿ, ಮೆಂತೆ, ಕಸೂತಿಯ ಯಾವ ಹೊಲಿಗೆಯಾದರೂ ಸರಿ, ಗೆರೆ ಹಾಕಿಕೊಳ್ಳದೆ ಬಟ್ಟೆಯ ಎಳೆ ಎಣಿಸಿ ಹಾಕಬೇಕು, ಗವಂತಿಯಲ್ಲಂತೂ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ಅದು ಒಂದು ತಿಂಗಳ ಮಾತಲ್ಲ.

ಗೊಂಬೆಯ ಕೌದಿ 12ಕ್ಕೆ 15 ಇಂಚು. ಕೆಳಗೆ ಒಂದು ಗಟ್ಟಿ ಹತ್ತಿ ಬಟ್ಟೆ, ನಡುವೆ ಸವೆದ ತುಂಡು, ಮೇಲೆ ಬಣ್ಣದ ತುಂಡುಗಳು. ಅವ್ವನ ಸೀರೆಯ ಜೊತೆ ನಿಮ್ಮ ಹಳೆ ಚೂಡಿದಾರ, ಮಗುವಿಗೆ ಗಿಡ್ಡವಾದ ಫ್ರಾಕು ಸೇರಿಸಿ. ಮಗು ತನ್ನ ಫ್ರಾಕಿನ ತುಂಡನ್ನು ಬೆರಳಿಟ್ಟು ತೋರಿಸುತ್ತದೆ, ನೋಡಿ. ಪದರಗಳು ಜರುಗದ ಹಾಗೆ ಮೊದಲು ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಕಚ್ಚಾ ಹೊಲಿಗೆ ಹಾಕಿ. ಈ ಕೆಲಸ ಬಿಟ್ಟರೆ ಕೊನೆಗೆ ಬಟ್ಟೆ ಉಬ್ಬುತ್ತದೆ, ಬಿಚ್ಚುವುದು ಬಿಟ್ಟು ದಾರಿ ಇರಲ್ಲ. ದಪ್ಪ ಹತ್ತಿ ದಾರ, ಉದ್ದ ಮೊಳಕೈಯಷ್ಟೇ. ದಾರ ಉದ್ದ ಇದ್ದರೆ ಬೇಗ ಮುಗಿಯುತ್ತದೆ ಅನಿಸುತ್ತದೆ, ಆದರೆ ಗಂಟು ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ. ದಾರವನ್ನು ಮೇಣದ ಮೇಲೆ ಒಂದು ಸಲ ಎಳೆದುಕೊಂಡರೆ ಸಲೀಸು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೌದಿಯನ್ನು ಅಂಚಿನಿಂದ ಶುರು ಮಾಡಿ, ಸುತ್ತು ಹಾಕುತ್ತಾ ನಡುವಿಗೆ ಬರುತ್ತಾರೆ. ತುಂಡು ಇಡುವುದು, ಹೊಲಿಯುವುದು ಒಟ್ಟೊಟ್ಟಿಗೇ ನಡೆಯುತ್ತದೆ. ಕೊನೆಗೆ ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ಮೂರು ಮೂಲೆಯ ಹೂವು. ಅದನ್ನು ಅವರು ಫುಲ ಅನ್ನುತ್ತಾರೆ. ಅದಿಲ್ಲದೆ ಕೌದಿ ಬರಿಮೈಯಲ್ಲಿದ್ದ ಹಾಗೆ ಅಂತ ಅವರ ಮಾತು. ನಿಮ್ಮ ಪುಟ್ಟ ಕೌದಿಯಲ್ಲಿ ಈ ದಾರಿ ಹಿಡಿದು ನೋಡಿ. ನನಗೆ ಇದೇ ಇಷ್ಟ, ತುಂಡುಗಳನ್ನು ಮೊದಲೇ ಜೋಡಿಸುವ ತಲೆನೋವಿಲ್ಲ. ಮೂರು ನಾಲ್ಕು ಸಂಜೆಗೆ ಮುಗಿಯುತ್ತದೆ.

ಒಂದು ಮಾತು, ಇದು ನಿಮಗಲ್ಲ, ಮನೆಯಲ್ಲಿ ಕೈಗೂಸಿರುವ ಓದುಗರಿಗೆ. ಒಂದು ವರ್ಷದೊಳಗಿನ ಮಗು ಮಲಗಿದಾಗ ಮೇಲೆ ಕೌದಿ ಹೊದಿಸಬೇಡಿ. ಮೆತ್ತನೆಯ ಹೊದಿಕೆ ಮುಖದ ಮೇಲೆ ಬಂದರೆ ಸರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಕುಂಚಿಗೆಯನ್ನೂ ನಿದ್ದೆ ಹತ್ತಿದ ಮೇಲೆ ತೆಗೆಯಿರಿ.

ಇನ್ನು ಸಿಹಿ. ಬೆಲ್ಲದ್ದಾದರೆ ಎಷ್ಟು ಬೇಕಾದರೂ ಅನ್ನುವುದು ತಪ್ಪು. ಬೆಲ್ಲದಲ್ಲೂ ಹೆಚ್ಚಿನ ಪಾಲು ಸಕ್ಕರೆಯೇ. ರುಚಿ ಚೆನ್ನ, ಅಷ್ಟೇ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2016ರಲ್ಲಿ ಎರಡು ವರ್ಷ ದಾಟಿದ ಮಕ್ಕಳಿಗೆ ದಿನಕ್ಕೆ 25 ಗ್ರಾಂ ಒಳಗೆ ಅಂತ ಹೇಳಿತು, ಅಂದರೆ ಸುಮಾರು ಆರು ಟೀ ಚಮಚ. ಎರಡರೊಳಗೆ ಮೇಲಿಂದ ಸೇರಿಸಿದ ಸಕ್ಕರೆ ಬೇಡವೇ ಬೇಡ ಅಂದಿತು. ಹುಟ್ಟುಹಬ್ಬದ ದಿನ ತಕ್ಕಡಿ ಹಿಡಿದು ಕೂರಲು ನಾನು ಹೇಳಲ್ಲ. ಉಂಡೆ ಚಿಕ್ಕದು ಕಟ್ಟಿ, ಅಷ್ಟು ಸಾಕು.

ಅಂಟಿನ ಉಂಡಿ ಬಾಣಂತಿಯ ತಿನಿಸು. ಅದರಲ್ಲಿ ಉತ್ತತ್ತಿ, ಗೋಡಂಬಿ, ಬಾದಾಮಿ ತುಂಡು ತುಂಡಾಗಿ ಇರುತ್ತವೆ. ಅಮೀನಗಡದ ಕರದಂಟೂ ಹಾಗೇ. ಇಡೀ ಬೀಜ, ಗಟ್ಟಿ ತುಂಡು ನಾಲ್ಕೈದು ವರ್ಷದವರೆಗೆ ಗಂಟಲಿಗೆ ಅಪಾಯ. ದೊಡ್ಡವರಿಗೆ ಮಾಡಿ, ಮಕ್ಕಳ ತಟ್ಟೆಗೆ ಬೇಡ. ಮಕ್ಕಳಿಗೆ ಶೇಂಗಾ ಉಂಡಿ ಮಾಡಿ. ಒಂದು ಬಟ್ಟಲು ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಆರಿಸಿ, ಸಿಪ್ಪೆ ತೆಗೆಯಿರಿ. ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ಒಂದೇ ಸಮನೆ ಓಡಿಸಿದರೆ ಮುದ್ದೆಯಾಗುತ್ತದೆ. ಅರ್ಧ ಬಟ್ಟಲು ಪುಡಿ ಬೆಲ್ಲ, ಏಲಕ್ಕಿ ಹಾಕಿ ಇನ್ನೊಂದು ಸುತ್ತು. ಬೀಜದ ಎಣ್ಣೆಯಲ್ಲೇ ಉಂಡೆ ಕಟ್ಟಲು ಬರುತ್ತದೆ, ಪಾಕ ಬೇಡ. ನಿಂಬೆಕಾಯಿಯ ಅರ್ಧದಷ್ಟಿರಲಿ. ಬರುವ ಮಕ್ಕಳಲ್ಲಿ ಯಾರಿಗಾದರೂ ಶೇಂಗಾ ಅಲರ್ಜಿ ಇದೆಯಾ ಅಂತ ಅವರ ಅಮ್ಮಂದಿರನ್ನು ಮೊದಲೇ ಕೇಳಿ. ಯಾರಿಗಾದರೂ ಇದ್ದರೆ ಆ ದಿನ ಶೇಂಗಾ ಬೇಡ, ಗೋಧಿ, ಬೆಲ್ಲದ ಮಾದಲಿ ಮಾಡಿ. ಅದಕ್ಕೆ ಹಾಲು, ತುಪ್ಪ ಹಾಕಿ ಕಲಸಿದರೆ ಎರಡು ದಾಟಿದ ಪುಟ್ಟ ಮಕ್ಕಳೂ ಸುಲಭವಾಗಿ ತಿನ್ನುತ್ತಾರೆ.

ಸಕ್ಕರೆ ಗೊಂಬೆ ಖಂಡಿತ ಮಾಡಿ. ಗೌರಿ ಹುಣ್ಣಿಮೆಗೆ ಆರತಿ ತಟ್ಟೆಯಲ್ಲಿ ಆನೆ, ಒಂಟೆ, ಗಿಳಿ, ತೇರು ಇಟ್ಟುಕೊಂಡು ಹೋಗುವ ಹುಡುಗಿಯರ ಸಾಲು ಬೆಂಗಳೂರಲ್ಲಿ ಹುಟ್ಟಿದ ನಿಮ್ಮ ಮಗಳು ನೋಡಿರಲಾರಳು. ಮರದ ಅಚ್ಚು ಊರಿಂದ ತರಿಸಿ. ದಕ್ಷಿಣದವರು ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವ ಮರದ ಅಚ್ಚೂ ನಡೆಯುತ್ತದೆ. ಒಂದು ಗಂಟೆ ಮುಂಚೆ ಅಚ್ಚನ್ನು ನೀರಲ್ಲಿ ಮುಳುಗಿಸಿಡಿ. ಒಣ ಮರಕ್ಕೆ ಪಾಕ ಕಚ್ಚಿಕೊಂಡುಬಿಡುತ್ತದೆ. ನೀರು ಜಾಡಿಸಿ, ಎರಡು ಹೋಳು ಸೇರಿಸಿ, ದಾರ ಬಿಗಿದು, ತಲೆಕೆಳಗಾಗಿ ನಿಲ್ಲಿಸಿ.

ಒಂದು ಸಲಕ್ಕೆ ಕಾಲು ಕಿಲೊ ಸಕ್ಕರೆ ಸಾಕು. 100 ಮಿಲಿಲೀಟರ್ ನೀರು ಹಾಕಿ ಕರಗಿಸಿ. ಕುದಿಯುವಾಗ ಎರಡು ಚಮಚ ಹಾಲು ಹಾಕಿದರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ. ತೆಗೆದು ಸೋಸಿ. ಮತ್ತೆ ಕುದಿಸಿ. ಪಾಕದ ಹನಿ ತಣ್ಣೀರಿಗೆ ಬಿಟ್ಟರೆ ಬೆರಳಲ್ಲಿ ಮೆತ್ತನೆ ಉಂಡೆ ಆಗಬೇಕು. ಥರ್ಮಾಮೀಟರ್ ಇದ್ದರೆ 115 ಡಿಗ್ರಿ ಆಸುಪಾಸು. ಇಳಿಸಿ, ಸೌಟಿನ ಬೆನ್ನಿಂದ ಪಾತ್ರೆಯ ಒಳಬದಿಗೆ ಪಾಕವನ್ನು ಉಜ್ಜಿ. ತಿಳಿ ಇದ್ದದ್ದು ಹಾಲಿನ ಹಾಗೆ ಮಬ್ಬಾಗುತ್ತದೆ. ಅಂದರೆ ಸಕ್ಕರೆ ಮತ್ತೆ ಹರಳುಗಟ್ಟಲು ಶುರುವಾಯಿತು. ಆ ಕ್ಷಣ ಹುಯ್ಯಬೇಕು. ಮುಂಚೆ ಹುಯ್ದರೆ ಗಟ್ಟಿಯಾಗಲ್ಲ. ತಡವಾದರೆ ಪಾತ್ರೆಯಲ್ಲೇ ಕಲ್ಲು. ಕಲ್ಲಾದರೆ ಹೆದರಬೇಡಿ, ನೀರು ಚಿಮುಕಿಸಿ ಮತ್ತೆ ಕಾಯಿಸಿ. ಜಾಮೂನಿನ ಅಭ್ಯಾಸದಲ್ಲಿ ನಿಂಬೆಹುಳಿ ಹಿಂಡುವವರಿದ್ದಾರೆ. ಇಲ್ಲಿ ಅದು ಶತ್ರು. ಹುಳಿ ಇದ್ದರೆ ಸಕ್ಕರೆ ಹರಳುಗಟ್ಟುವುದೇ ಇಲ್ಲ, ಗೊಂಬೆ ಅಂಟಂಟಾಗಿ ಕೂರುತ್ತದೆ. ಹುಯ್ದು ಹತ್ತು ನಿಮಿಷ ಕಾಯಿರಿ. ಆತುರಪಟ್ಟು ಬಿಚ್ಚಿದರೆ ಗಿಳಿಯ ತಲೆ ಅಚ್ಚಿನಲ್ಲೇ ಉಳಿಯುತ್ತದೆ.

ಈ ಕೆಲಸ ನಡೆಯುವಾಗ ಮಗು ಅಡುಗೆಮನೆಯಲ್ಲಿ ಇರಬಾರದು. ಪಾಕ ಕುದಿಯುವ ನೀರಿಗಿಂತ ಬಿಸಿ, ಜೊತೆಗೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅಚ್ಚು ಬಿಚ್ಚುವಾಗ ಕರೆಯಿರಿ, ಅದೇ ನೋಡುವಂಥದ್ದು. ಒಂದು ಚಿಕ್ಕ ಗಿಳಿಯೇ 25 ಗ್ರಾಂ ತೂಗಬಹುದು, ಅಂದರೆ ಒಂದು ದಿನದ ಲೆಕ್ಕ ಅಲ್ಲೇ ಮುಗಿಯಿತು. ಗಟ್ಟಿ ತುಂಡು ಕಡಿಯಲೂ ಕೊಡಬೇಡಿ. ಆರತಿ ಆದ ಮೇಲೆ ಗಿಳಿಯ ಬಾಲ ಮುರಿದು ಬಿಸಿ ಹಾಲಿಗೆ ಹಾಕಿ, ಕರಗುವುದನ್ನು ತೋರಿಸಿ ಕುಡಿಸಿ. ಉಳಿದದ್ದು ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ.

ಹೊಲಿಯುವಾಗ ಎಷ್ಟು ಸೂಜಿ ತೆಗೆದಿರಿ ಅಂತ ಎಣಿಸಿ, ಏಳುವಾಗ ಮತ್ತೆ ಎಣಿಸಿ. ನಾನು ಈಗಲೂ ಎಣಿಸುತ್ತೇನೆ.

ಉಳಿದ ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ. ಹಳೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ವರ್ಷಕ್ಕೆ ಎರಡು ಸಲ ತೆಗೆದು, ಮಡಿಕೆ ಬದಲಿಸಿ ಮಡಚಿ. ರೇಷ್ಮೆ ಸೆರಗು ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಅದೇ ಗೆರೆಯಲ್ಲಿ ಸೀಳುತ್ತದೆ. ದೊಡ್ಡ ಕೌದಿಗೆ ಮಗಳು ಆರೇಳು ವರ್ಷದವಳಾಗಲಿ. ಆ ಹೊತ್ತಿಗೆ ಅವಳೇ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಡುತ್ತಾಳೆ, ನಮ್ಮ ಕಣ್ಣಿಗೆ ಆಗ ಅದು ಬೇಕಾಗಿಯೂ ಇರುತ್ತದೆ.